ಎಂಟು ತಂತಿಯ ಪಾಠಾಂತರಗಳು

ಪ್ಯಾಟ್ಸಿ ಟೂಹಿ ಅಮೆರಿಕದ ರಂಗಶಾಲೆಗಳಲ್ಲಿ ಐರಿಷ್ ಪೈಪ್ ನುಡಿಸಿ ಬದುಕುತ್ತಿದ್ದ ಕಲಾವಿದ. 1865ರಲ್ಲಿ ಐರ್ಲೆಂಡಿನ ಗಾಲ್ವೇ ಕೌಂಟಿಯಲ್ಲಿ ಹುಟ್ಟಿ, ಎಳವೆಯಲ್ಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದವನು. 20ನೆಯ ಶತಮಾನ ಆಗಷ್ಟೇ ಶುರುವಾಗಿದ್ದಾಗ ಅವನು ಹೊಸದೊಂದು ವ್ಯಾಪಾರಕ್ಕೆ ಕೈಹಾಕಿದ. ಮನೆಯಲ್ಲೇ ಮೇಣದ ಸಿಲಿಂಡರುಗಳ ಮೇಲೆ ತನ್ನ ವಾದನವನ್ನು ಮುದ್ರಿಸಿ, ಅಂಚೆಯ ಮೂಲಕ ಮಾರತೊಡಗಿದ. ಗಿರಾಕಿ ಯಾವ ಧಾಟಿ ಬೇಕೆಂದು ಬರೆದು ಕಳಿಸಿದರೆ ಟೂಹಿ ಅದನ್ನು ಫೋನೋಗ್ರಾಫಿನ ಕಹಳೆಯ ಮುಂದೆ ಕುಳಿತು ನುಡಿಸುತ್ತಿದ್ದ. ಅಂಥ ಸಿಲಿಂಡರಿನಲ್ಲಿ ಎರಡು ನಿಮಿಷದ ಆಸುಪಾಸು ಹಿಡಿಸುತ್ತಿತ್ತು, ಅಷ್ಟೆ.

ಎರಡು ನಿಮಿಷ ಎಂದರೆ ಕಡಿಮೆಯೇನಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಹಳೆಯ ಕುಣಿತದ ಧಾಟಿಗಳಿಗೆ ಅದು ಹೇಳಿ ಮಾಡಿಸಿದ ಅವಧಿ. ಆ ಧಾಟಿಗಳ ಚೌಕಟ್ಟು ಬಹುಮಟ್ಟಿಗೆ ಒಂದೇ: ಎಂಟು ಬಾರ್‌ಗಳ (ತಾಳದ ಆವರ್ತಗಳ) ಮೊದಲ ಭಾಗ ಎರಡು ಸಲ, ಎಂಟು ಬಾರ್‌ಗಳ ಎರಡನೆಯ ಭಾಗ ಎರಡು ಸಲ, ಒಟ್ಟು ಮೂವತ್ತೆರಡು. ನಡೆ ಚತುರಶ್ರದ್ದಾದರೆ ರೀಲ್, ತಿಶ್ರದ್ದಾದರೆ ಜಿಗ್. ಕುಣಿತದ ವೇಗದಲ್ಲಿ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷವೂ ಬೇಕಾಗದು. ಕುಣಿಯುವವರು ಇರುವಷ್ಟು ಹೊತ್ತು ಅದನ್ನೇ ಮತ್ತೆ ಮತ್ತೆ ನುಡಿಸಬೇಕು, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಬದಲಿಸುತ್ತ.

ಈ ಧಾಟಿಗಳನ್ನು ಇಂದು ಮನೆಯಲ್ಲಿ ಕುಳಿತು ಮುದ್ರಿಸಿ ಹಂಚಿಕೊಳ್ಳುವವರಲ್ಲಿ ಮ್ಯಾಂಡೊಲಿನ್ ಹವ್ಯಾಸಿಗಳದು ಒಂದು ಉತ್ಸಾಹದ ಬಳಗ. ಇವರು ವೃತ್ತಿಯಿಂದ ಸಂಗೀತಗಾರರಲ್ಲ. ಹಗಲು ಪಾಠ ಹೇಳುವವರು, ಲೆಕ್ಕ ಬರೆಯುವವರು, ಲಾರಿ ಓಡಿಸುವವರು, ನಿವೃತ್ತರಾಗಿ ಮೊಮ್ಮಕ್ಕಳನ್ನು ನೋಡಿಕೊಳ್ಳುವವರು. ಹಲವು ಕಡೆ ವಾರಕ್ಕೊಂದು ಧಾಟಿ ಎಂಬ ರೂಢಿ ಇದೆ. ಯಾರೋ ಒಬ್ಬರು ಹೆಸರು ಸೂಚಿಸುತ್ತಾರೆ. ಉಳಿದವರು ಅದನ್ನು ಕಲಿತು, ಮೊಬೈಲ್ ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಉಸಿರು ಬಿಗಿಹಿಡಿದು ನುಡಿಸಿ, ಮುದ್ರಣವನ್ನು ಇತರರ ಮುಂದಿಡುತ್ತಾರೆ. ಹಣ ಇಲ್ಲ, ಬಹುಮಾನ ಇಲ್ಲ, ತೀರ್ಪುಗಾರರೂ ಇಲ್ಲ. ಬೆರಳು ಎಡವಿದ ಮುದ್ರಣಗಳನ್ನೂ ಅಳಿಸದೆ ಬಿಡುತ್ತಾರೆ. ಒಂದೇ ಧಾಟಿಯ ಹತ್ತಾರು ರೂಪಗಳು ಪಕ್ಕಪಕ್ಕದಲ್ಲಿ ಕೂಡುತ್ತಾ ಹೋಗುತ್ತವೆ. ಒಂದು ಓಡುತ್ತದೆ, ಇನ್ನೊಂದು ತೂಕಡಿಸುತ್ತದೆ, ಮತ್ತೊಂದರಲ್ಲಿ ಹಿಂದೆ ಎಲ್ಲೋ ನಾಯಿ ಬೊಗಳುತ್ತದೆ.

ಮೇಲ್ನೋಟಕ್ಕೆ ಇದು ಹೊತ್ತು ಕಳೆಯುವ ಚಟ. ಆದರೆ ಆ ಪಕ್ಕಪಕ್ಕದ ರೂಪಗಳನ್ನು ಕೂತು ಕೇಳಿದವರಿಗೆ ಬೇರೆಯದೇ ಒಂದು ಸಂಗತಿ ಹೊಳೆಯುತ್ತದೆ. ಸುಮಾರು ನೂರು ವರ್ಷಗಳ ಹಿಂದೆ ಗ್ರಾಮಫೋನ್ ತಟ್ಟೆ ಈ ಸಂಗೀತದಿಂದ ಕಿತ್ತುಕೊಂಡದ್ದನ್ನು ಈ ಹವ್ಯಾಸಿಗಳು ತಮಗೇ ಅರಿವಿಲ್ಲದೆ ಹಿಂದಿರುಗಿಸುತ್ತಿದ್ದಾರೆ. ಅದು ಏನೆಂದು ತಿಳಿಯಲು ಮೊದಲು ವಾದ್ಯವನ್ನು, ಆಮೇಲೆ ಧಾಟಿಗಳ ಊರನ್ನು ನೋಡಿಕೊಂಡು ಬರಬೇಕು.

ಮ್ಯಾಂಡೊಲಿನ್‌ಗೆ ಎಂಟು ತಂತಿ, ಆದರೆ ನಾಲ್ಕೇ ಶ್ರುತಿ. ಎರಡೆರಡು ತಂತಿಗಳು ಜೋಡಿಯಾಗಿ ಒಂದೇ ಸ್ವರಕ್ಕೆ ಕೂಡಿಕೊಂಡಿರುತ್ತವೆ. ದಪ್ಪ ತಂತಿಯಿಂದ ಸಣ್ಣದಕ್ಕೆ ಜಿ, ಡಿ, ಎ, ಇ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೂ ಇದೇ, ಅದೇ ಎತ್ತರದಲ್ಲಿ. ಹವ್ಯಾಸಿಗಳ ಈ ಇಡೀ ಲೋಕ ನಿಂತಿರುವುದು ಈ ಒಂದು ಹೊಂದಿಕೆಯ ಮೇಲೆ. ಪಿಟೀಲುಗಾರರು ಮುನ್ನೂರು ವರ್ಷ ಕೂಡಿಟ್ಟ ಧಾಟಿಗಳ ಭಂಡಾರ ಮ್ಯಾಂಡೊಲಿನ್ ಹಿಡಿದವರಿಗೆ ಒಂದು ಸ್ವರವನ್ನೂ ಬದಲಿಸದೆ ಸಿಗುತ್ತದೆ, ಬೆರಳು ಇಡುವ ಜಾಗವೂ ಅದೇ. ಮೇಲಾಗಿ ಪಿಟೀಲಿನಲ್ಲಿಲ್ಲದ ಮೆಟ್ಟಿಲುಗಳು ಇಲ್ಲಿವೆ. ನಡುವಯಸ್ಸಿನಲ್ಲಿ ಪಿಟೀಲು ಕಲಿಯಹೊರಟವರ ಮನೆಯವರು ಮೊದಲ ಎರಡು ವರ್ಷ ಅನುಭವಿಸುವ ಸಂಕಟ ಮ್ಯಾಂಡೊಲಿನ್ ಮನೆಯಲ್ಲಿ ಇರುವುದಿಲ್ಲ. ಶ್ರುತಿ ಕೂಡಿಸಿದ್ದರೆ ಸ್ವರ ತನ್ನ ಜಾಗದಲ್ಲೇ ಇರುತ್ತದೆ.

ಹಾಗೆಂದು ಮ್ಯಾಂಡೊಲಿನ್ ಐರ್ಲೆಂಡಿನದೂ ಅಲ್ಲ, ಅಮೆರಿಕದ್ದೂ ಅಲ್ಲ. ಅದರ ತವರು ಇಟಲಿ. 18ನೆಯ ಶತಮಾನದಲ್ಲಿ ನೇಪಲ್ಸ್‌ನ ವಿನಾಚ್ಚಿಯಾ ಮನೆತನದವರು ಈಗ ನಾವು ಕಾಣುವ ಬಟ್ಟಲುಬೆನ್ನಿನ ರೂಪಕ್ಕೆ ಅದನ್ನು ತಂದರು. ವಿವಾಲ್ಡಿ ಅದಕ್ಕಾಗಿ ಕಾನ್ಸರ್ಟೊ ಬರೆದ. ಮೊಜಾರ್ಟ್ 1787ರ 'ಡಾನ್ ಜೊವಾನ್ನಿ' ಸಂಗೀತನಾಟಕದಲ್ಲಿ, ನಾಯಕ ಕಿಟಕಿಯ ಕೆಳಗೆ ನಿಂತು ಹೆಣ್ಣೊಬ್ಬಳನ್ನು ಮರುಳುಮಾಡಲು ಹಾಡುವಾಗ ಜೊತೆಗೆ ಮ್ಯಾಂಡೊಲಿನ್ ಇರಿಸಿದ. ಬೀಥೋವನ್ ಕೂಡ ಪ್ರಾಗ್‌ನಲ್ಲಿದ್ದಾಗ ಮ್ಯಾಂಡೊಲಿನ್ ನುಡಿಸುತ್ತಿದ್ದ ಶ್ರೀಮಂತ ತರುಣಿಯೊಬ್ಬಳಿಗಾಗಿ ಕೆಲವು ಪುಟ್ಟ ರಚನೆಗಳನ್ನು ಮಾಡಿಕೊಟ್ಟ. ಬಹುಶಃ ಹವ್ಯಾಸಿಗಳ ಕೈಯ ವಾದ್ಯ ಎಂಬ ಹಣೆಬರಹ ಆಗಲೇ ಗಟ್ಟಿಯಾಗಿತ್ತು.

ಅಮೆರಿಕಕ್ಕೆ ಅದರ ಹುಚ್ಚು ಹಿಡಿದದ್ದು ಒಂದು ತಮಾಷೆಯ ಗೊಂದಲದಿಂದ. 1880ರಲ್ಲಿ ಸ್ಪೇನಿನಿಂದ 'ಎಸ್ತುದಿಯಾಂತಿನಾ ಫಿಗರೊ' ಎಂಬ ತಂಡ ನ್ಯೂಯಾರ್ಕಿಗೆ ಬಂದು ಮನೆಮಾತಾಯಿತು. ಅವರು ನುಡಿಸುತ್ತಿದ್ದುದು ಬಂದೂರಿಯಾ ಎಂಬ ಸ್ಪ್ಯಾನಿಷ್ ವಾದ್ಯ. ಅವರ ಯಶಸ್ಸು ಕಂಡ ಇಟಲಿಯ ವಲಸಿಗರು ಅದೇ ವೇಷ ತೊಟ್ಟು, ಕೈಯಲ್ಲಿ ಮ್ಯಾಂಡೊಲಿನ್ ಹಿಡಿದು ಊರೂರು ಸುತ್ತಿದರು. ಜನಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಮುಂದಿನ ಮೂವತ್ತು ವರ್ಷ ಕಾಲೇಜು, ಕಾರ್ಖಾನೆ, ಚರ್ಚು, ಎಲ್ಲೆಲ್ಲೂ ಮ್ಯಾಂಡೊಲಿನ್ ಕ್ಲಬ್ಬುಗಳು ಎದ್ದವು. ಮಿಷಿಗನ್ ರಾಜ್ಯದ ಕಲಮಜೂ ಊರಿನ ಆರ್ವಿಲ್ ಗಿಬ್ಸನ್ ಬಟ್ಟಲು ಬೆನ್ನನ್ನು ಬಿಟ್ಟು, ಪಿಟೀಲಿನಂತೆ ಮರವನ್ನು ಕೆತ್ತಿ ಉಬ್ಬು ತೆಗೆದ ಹೊಸ ರೂಪಕ್ಕೆ 1898ರಲ್ಲಿ ಪೇಟೆಂಟ್ ಪಡೆದ. 1902ರಲ್ಲಿ ಅವನ ಹೆಸರಿನ ಕಂಪನಿ ಶುರುವಾಯಿತು. ಅದೇ ಕಂಪನಿಯಲ್ಲಿ ಲಾಯ್ಡ್ ಲೋರ್ ಎಂಬಾತನ ಮೇಲ್ವಿಚಾರಣೆಯಲ್ಲಿ 1922ರಲ್ಲಿ ಎಫ್-5 ಎಂಬ ಮಾದರಿ ಹೊರಬಂದಾಗ ಹುಚ್ಚು ಇಳಿದುಹೋಗಿತ್ತು. ಜಾಜ್ ಬಂದು, ಬ್ಯಾಂಜೊ ಬಂದು, ಮ್ಯಾಂಡೊಲಿನ್‌ಗಳು ಅಟ್ಟ ಸೇರಿದ್ದವು.

ಅಲ್ಲಿಂದ ಅದನ್ನು ಕೆಳಗಿಳಿಸಿದವನು ಕೆಂಟಕಿಯ ಬಿಲ್ ಮನ್ರೊ. 1940ರ ದಶಕದಲ್ಲಿ ಮಯಾಮಿಯ ಕ್ಷೌರದಂಗಡಿಯೊಂದರಲ್ಲಿ ಮಾರಾಟಕ್ಕಿಟ್ಟಿದ್ದ 1923ರ ಎಫ್-5 ಒಂದನ್ನು ಅವನು ಸುಮಾರು 150 ಡಾಲರಿಗೆ ಕೊಂಡ. ಆ ವಾದ್ಯದಿಂದಲೇ ಬ್ಲೂಗ್ರಾಸ್ ಎಂಬ ಸಂಗೀತ ಪ್ರಕಾರಕ್ಕೆ ಅದರ ದನಿ ದಕ್ಕಿತು. ಲೋರ್ ಸಹಿ ಇರುವ ಎಫ್-5ಗಳ ಬೆಲೆ ಇಂದು ಲಕ್ಷ ಡಾಲರುಗಳ ಮಾತು. ಹವ್ಯಾಸಿಗಳು ಅವುಗಳ ಚಿತ್ರ ನೋಡಿ ನಿಟ್ಟುಸಿರಿಟ್ಟು, ತಮ್ಮ ಅಗ್ಗದ ವಾದ್ಯಕ್ಕೆ ಹೊಸ ತಂತಿ ಹಾಕಿಕೊಳ್ಳುತ್ತಾರೆ. ಅತ್ತ ಐರ್ಲೆಂಡಿನಲ್ಲಿ 1972ರಲ್ಲಿ ಹುಟ್ಟಿದ 'ಪ್ಲಾಂಕ್ಸ್ಟಿ' ತಂಡದ ಆ್ಯಂಡಿ ಅರ್ವಿನ್‌ರಂಥವರು ಮ್ಯಾಂಡೊಲಿನ್ ಮತ್ತು ಅದರ ದೊಡ್ಡ ಸೋದರ ವಾದ್ಯಗಳನ್ನು ಐರಿಷ್ ಸಂಗೀತದ ಮುಂದಿನ ಸಾಲಿಗೆ ತಂದರು.

ಇನ್ನು ಧಾಟಿಗಳು. ಇವುಗಳಲ್ಲಿ ಬಹಳಷ್ಟಕ್ಕೆ ಕರ್ತೃ ಯಾರೆಂದು ಗೊತ್ತಿಲ್ಲ. ಗೊತ್ತಿರುವ ಕೆಲವರಲ್ಲಿ ಟರ್ಲೊ ಒ'ಕ್ಯಾರೊಲನ್ ದೊಡ್ಡ ಹೆಸರು. 1670ರಲ್ಲಿ ಹುಟ್ಟಿ 1738ರಲ್ಲಿ ತೀರಿಕೊಂಡ, ಸಿಡುಬಿನಿಂದ ಕಣ್ಣು ಕಳೆದುಕೊಂಡ ಹಾರ್ಪ್ ವಾದಕ. ಕುದುರೆಯೇರಿ ಒಬ್ಬ ಜಮೀನುದಾರನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗುತ್ತ, ಆತಿಥ್ಯ ಕೊಟ್ಟವರ ಹೆಸರಿನಲ್ಲಿ ಧಾಟಿ ಕಟ್ಟುತ್ತಿದ್ದ. ಅವನದೆನ್ನುವ ಸುಮಾರು ಇನ್ನೂರು ಧಾಟಿಗಳು ಉಳಿದಿವೆ. ಉಳಿದಿರುವುದು ಬಹುಪಾಲು ಒಂಟಿ ಎಳೆಯ ರಾಗವಷ್ಟೇ. ಅವನ ಎರಡನೆಯ ಕೈ ಮಂದ್ರ ತಂತಿಗಳ ಮೇಲೆ ಏನು ನುಡಿಸುತ್ತಿತ್ತು ಎಂಬುದು ಅವನೊಂದಿಗೇ ಹೋಯಿತು. ನಮ್ಮಲ್ಲಿ ದಾಸರ ಪದಗಳ ಸಾಹಿತ್ಯ ಉಳಿದು ಮೂಲದ ಮಟ್ಟು ಕಳೆದುಹೋಗಿದೆಯಲ್ಲ, ಅಲ್ಲಿ ಮಟ್ಟು ಉಳಿದು ಅದರ ಒತ್ತಾಸೆ ಕಳೆದುಹೋಗಿದೆ. ಹಾಗಾಗಿ ಕ್ಯಾರೊಲನ್‌ನ ಧಾಟಿಯನ್ನು ಎತ್ತಿಕೊಂಡ ಪ್ರತಿ ಹವ್ಯಾಸಿಯೂ ಅದಕ್ಕೆ ತನ್ನದೇ ಜೊತೆಸ್ವರಗಳನ್ನು ಹುಡುಕಿಕೊಳ್ಳಬೇಕು. ಹತ್ತು ಜನ ಮುದ್ರಿಸಿದರೆ ಹತ್ತು ಬಗೆಯ ಆಸರೆ, ಯಾವುದನ್ನೂ ತಪ್ಪೆನ್ನಲು ಬರುವುದಿಲ್ಲ.

ಧಾಟಿಗಳು ಕಾಗದಕ್ಕೆ ಇಳಿದ ಕತೆಯೂ ಸ್ವಾರಸ್ಯದ್ದೇ. 1792ರ ಜುಲೈನಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಹಾರ್ಪ್ ವಾದಕರ ಮೇಳ ನಡೆದಾಗ ಉಳಿದಿದ್ದ ಹಳಬರು ಕೈಬೆರಳೆಣಿಕೆಯಷ್ಟು. ಅವರ ವಾದನವನ್ನು ಬರೆದಿಟ್ಟುಕೊಳ್ಳಲು ಗೊತ್ತುಮಾಡಿದ್ದು ಎಡ್ವರ್ಡ್ ಬಂಟಿಂಗ್ ಎಂಬ 19ರ ಹುಡುಗನನ್ನು. ಅವನು ಬರೆದ. ಆದರೆ ಅಚ್ಚು ಹಾಕಿಸುವಾಗ ಆ ಕಾಲದ ದಿವಾನಖಾನೆಗಳಿಗೆ ಒಪ್ಪುವಂತೆ ಪಿಯಾನೊಗೆ ಹೊಂದಿಸಿ, ತಿದ್ದಿ ತೀಡಿಬಿಟ್ಟ. ಅಂಥ ತಿದ್ದುಪಡಿಯ ಕೈಗಳ ಬಗ್ಗೆ ಸಂಗೀತಗಾರರ ಸಿಟ್ಟು ಇನ್ನೂ ಆರಿಲ್ಲ.

ಇದಕ್ಕಿಂತ ರಸವತ್ತಾದುದು ಷಿಕಾಗೊ ಪೊಲೀಸ್ ಮುಖ್ಯಸ್ಥನ ಸಂಗ್ರಹ. ಫ್ರಾನ್ಸಿಸ್ ಒ'ನೀಲ್ 1848ರಲ್ಲಿ ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿ ಹುಟ್ಟಿದವನು. ಹದಿಹರೆಯದಲ್ಲಿ ಹಡಗೇರಿ ಲೋಕ ಸುತ್ತಿ, 1873ರಲ್ಲಿ ಷಿಕಾಗೊ ಪೊಲೀಸ್ ಪಡೆ ಸೇರಿ, ಸೇರಿದ ಕೆಲವೇ ದಿನಗಳಲ್ಲಿ ಕಳ್ಳನೊಬ್ಬನಿಂದ ಗುಂಡೇಟು ತಿಂದು ಬದುಕಿಕೊಂಡ. 1901ರಿಂದ 1905ರವರೆಗೆ ಪಡೆಯ ಮುಖ್ಯಸ್ಥ. ಅವನಿಗೆ ನೂರಾರು ಧಾಟಿಗಳು ಬಾಯಿಗೆ ಬರುತ್ತಿದ್ದವು, ಆದರೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅದೇ ಪಡೆಯ ಜೇಮ್ಸ್ ಒ'ನೀಲ್‌ಗೆ ಬರೆಯಲು ಬರುತ್ತಿತ್ತು. ಹೆಸರಲ್ಲಿ ಹೋಲಿಕೆಯೇ ಹೊರತು ಬಂಧುತ್ವವಿಲ್ಲ. ಒಬ್ಬ ನುಡಿಸುವುದು ಇಲ್ಲವೇ ಗುನುಗುವುದು, ಇನ್ನೊಬ್ಬ ಬರೆಯುವುದು. ಊರಿಗೆ ಹೊಸ ಐರಿಷ್ ವಲಸಿಗ ಬಂದರೆ ಅವನ ಬಾಯಲ್ಲಿ ಯಾವ ಧಾಟಿ ಇದೆಯೆಂದು ಪೊಲೀಸರೇ ವಿಚಾರಿಸುತ್ತಿದ್ದ ಕಾಲ ಅದು. ಹೀಗೆ 1903ರಲ್ಲಿ 1850 ಧಾಟಿಗಳ ದೊಡ್ಡ ಸಂಪುಟ ಹೊರಬಂತು. 1907ರಲ್ಲಿ ಕುಣಿತದ ಧಾಟಿಗಳನ್ನಷ್ಟೇ ಆರಿಸಿದ, 1001 ಧಾಟಿಗಳ ಇನ್ನೊಂದು. ಎರಡನೆಯದನ್ನು ಐರಿಷ್ ವಾದಕರು ತಲೆಮಾರುಗಳ ಕಾಲ 'ಪುಸ್ತಕ' ಎಂದೇ ಕರೆದರು. ಯಾವ ಪುಸ್ತಕ ಎಂದು ಕೇಳುವ ಅಗತ್ಯವಿರಲಿಲ್ಲ.

1990ರ ದಶಕದಲ್ಲಿ ಈ ಪುಸ್ತಕಗಳಿಗೆ ಮರುಹುಟ್ಟು ಸಿಕ್ಕಿತು. ಇಂಗ್ಲೆಂಡಿನ ಕ್ರಿಸ್ ವಾಲ್ಷಾ ತನ್ನ ಅನುಕೂಲಕ್ಕೆಂದು ಮಾಡಿಕೊಂಡಿದ್ದ ಎಬಿಸಿ ಎಂಬ ಲಿಪಿಯಲ್ಲಿ ಸ್ವರಗಳನ್ನು ಬರೀ ಅಕ್ಷರಗಳಲ್ಲಿ ಬರೆಯಬಹುದಿತ್ತು. ನಮ್ಮ ಸರಿಗಮ ಬರೆದಂತೆಯೇ. ಐದು ಗೆರೆಗಳ ಚಿತ್ರ ಬೇಕಿಲ್ಲ, ನಾಲ್ಕು ಸಾಲು ಅಕ್ಷರಗಳಲ್ಲಿ ಒಂದು ಜಿಗ್ ಮುಗಿಯಿತು. ಸ್ವಯಂಸೇವಕರು ಒ'ನೀಲ್ ಸಂಪುಟಗಳನ್ನು ಈ ಲಿಪಿಯಲ್ಲಿ ಬೆರಳಚ್ಚು ಮಾಡಿ ಹಂಚಿದರು. ಮ್ಯಾಂಡೊಲಿನ್ ಹವ್ಯಾಸಿಗೆ ಧಾಟಿ ಹುಡುಕುವುದು ಅಂದಿನಿಂದ ಕಷ್ಟವೇ ಅಲ್ಲ. ನುಡಿಸುವುದು ಮಾತ್ರ ಕಷ್ಟ.

ಏಕೆಂದರೆ ಬರೆದದ್ದು ಬರೀ ಅಸ್ಥಿಪಂಜರ. ಎಂಟು ಸಮನಾದ ಸ್ವರಗಳೆಂದು ಕಾಗದದಲ್ಲಿರುವುದನ್ನು ಬಲ್ಲವರು ಎಂದೂ ಸಮನಾಗಿ ನುಡಿಸುವುದಿಲ್ಲ. ಜಿಗ್‌ನಲ್ಲಿ ಪ್ರತಿ ಮೂರರ ಗುಂಪಿನ ಮೊದಲ ಸ್ವರ ಕೂದಲೆಳೆಯಷ್ಟು ಹಿಗ್ಗುತ್ತದೆ. ತಂತಿ ಮೀಟುವ ಪಿಕ್ ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ ಹೋಗಬೇಕು. ಆಗ ಪ್ರತಿ ಗುಂಪಿನ ಆರಂಭಕ್ಕೂ ಕೈಯ ಭಾರ ತಾನಾಗಿ ಬೀಳುತ್ತದೆ. ಅಲ್ಲಲ್ಲಿ ಒಂದು ಸ್ವರದ ಜಾಗದಲ್ಲಿ ಮೂರನ್ನು ಚಕ್ಕನೆ ತುರುಕಬೇಕು. ಪಿಟೀಲಿನ ಕಮಾನು ಒಂದು ಸ್ವರವನ್ನು ಎಷ್ಟು ಹೊತ್ತಾದರೂ ಎಳೆಯಬಲ್ಲದು. ಮ್ಯಾಂಡೊಲಿನ್ ಸ್ವರ ಮೀಟಿದ ಮರುಕ್ಷಣದಿಂದಲೇ ಆರತೊಡಗುತ್ತದೆ. ಹಾಗಾಗಿ ನಿಧಾನದ ಶೋಕಗೀತೆಗಳು ಬಂದಾಗ ಹವ್ಯಾಸಿಗಳಲ್ಲಿ ಎರಡು ಪಂಗಡ: ಇಟಲಿಯವರಂತೆ ತಂತಿಯನ್ನು ಬಿಡದೆ ನಡುಗಿಸುವ ಟ್ರೆಮೊಲೊ ಒಂದು ಕಡೆ, ಒಂದೇ ಸಲ ಮೀಟಿ ಮೌನವನ್ನು ತುಂಬಿಸದೆ ಬಿಡುವವರು ಇನ್ನೊಂದು ಕಡೆ. ಐರಿಷ್ ಧಾಟಿಗೆ ಟ್ರೆಮೊಲೊ ಅತಿಯಾದರೆ ಅದು ನೇಪಲ್ಸ್‌ನ ಹೋಟೆಲಿನ ಸಂಗೀತವಾಗಿಬಿಡುತ್ತದೆ ಎಂಬುದು ಎರಡನೆಯವರ ತಕರಾರು. ಅದರಲ್ಲಿ ಹುರುಳಿದೆ.

ಈಗ ಗ್ರಾಮಫೋನ್ ತಟ್ಟೆಯ ಮಾತು. ಸ್ಲೈಗೊ ಕೌಂಟಿಯ ಪಿಟೀಲುಗಾರ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದ. 1921ರಿಂದ ನ್ಯೂಯಾರ್ಕಿನಲ್ಲಿ ಅವನು ಕೊಟ್ಟ ತಟ್ಟೆಗಳು ಹಡಗಿನಲ್ಲಿ ಐರ್ಲೆಂಡಿಗೆ ಮರಳಿ, ಹಳ್ಳಿಯ ಅಡುಗೆಮನೆಗಳಲ್ಲಿ ತಿರುಗಿದವು. ಅದ್ಭುತ ವಾದನ, ಸಂಶಯವಿಲ್ಲ. ಆದರೆ ಪರಿಣಾಮ ವಿಚಿತ್ರವಾಯಿತು. ಅಲ್ಲಿಯವರೆಗೆ ಕೌಂಟಿಗೊಂದು, ಕಣಿವೆಗೊಂದು ಎಂಬಂತಿದ್ದ ಶೈಲಿಗಳ ಜಾಗವನ್ನು ಕೋಲ್ಮನ್‌ನ ಸ್ಲೈಗೊ ಶೈಲಿ ಆವರಿಸುತ್ತ ಹೋಯಿತು. ತಮ್ಮೂರಿನ ಮುದುಕ ನುಡಿಸುತ್ತಿದ್ದುದು ಹಳೆಯದು, ತಟ್ಟೆಯಲ್ಲಿರುವುದು ಸರಿಯಾದದ್ದು ಎಂಬ ಭಾವನೆ ಬಂತು. 1934ರಲ್ಲಿ ಅವನು 'ಟಾರ್ಬೋಲ್ಟನ್', 'ಲಾಂಗ್‌ಫರ್ಡ್ ಕಲೆಕ್ಟರ್', 'ಸೇಲರ್ಸ್ ಬಾನೆಟ್' ಎಂಬ ಮೂರು ರೀಲ್‌ಗಳನ್ನು ಒಂದರ ಹಿಂದೊಂದು ನುಡಿಸಿ ಒಂದು ತಟ್ಟೆ ಮಾಡಿದ. ಇಂದಿಗೂ ಯಾವುದೇ ಐರಿಷ್ ಕೂಟದಲ್ಲಿ ಮೊದಲನೆಯದು ಶುರುವಾದರೆ ಉಳಿದೆರಡು ಅದೇ ಕ್ರಮದಲ್ಲಿ ಬರಬೇಕೆಂದು ಎಲ್ಲರ ಬೆರಳುಗಳೂ ಕಾಯುತ್ತವೆ. ಒಂದು ದಿನದ ಸ್ಟುಡಿಯೊ ತೀರ್ಮಾನ ಶಾಸ್ತ್ರವಾದದ್ದು ಹೀಗೆ.

ಹವ್ಯಾಸಿ ಮುದ್ರಣಗಳ ಬೆಲೆ ಇರುವುದು ಇಲ್ಲಿಯೇ. ಒಬ್ಬ ಮಹಾನ್ ವಾದಕನ ಒಂದೇ ತಟ್ಟೆ ಧಾಟಿಯನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸುತ್ತದೆ. ಸಾಮಾನ್ಯರ ಐವತ್ತು ಮುದ್ರಣಗಳು ಆ ಮೊಳೆಯನ್ನು ಸಡಿಲಿಸುತ್ತವೆ. ಅವುಗಳಲ್ಲಿ ಸರಿಯಾದದ್ದು ಯಾವುದು ಎಂದು ಹೊಸಬನಿಗೆ ತಿಳಿಯುವುದೇ ಇಲ್ಲ, ಅದೇ ಲಾಭ. ಪಾಠಾಂತರ ಎಂಬ ಮಾತಿಗೆ ಸಂಗೀತದ ಮನೆಗಳಲ್ಲಿ ಇರುವ ಅರ್ಥ, ಒಂದೇ ರಚನೆ ಮನೆಗೊಂದು ರೂಪ ತಾಳುವುದು, ಅವನಿಗೆ ಕಿವಿಯಿಂದಲೇ ಸಿಗುತ್ತದೆ.

'ಸೋಲ್ಜರ್ಸ್ ಜಾಯ್' ಎಂಬ ಧಾಟಿಯನ್ನು ನೋಡಿ. 18ನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಅದು ಚಾಲ್ತಿಯಲ್ಲಿತ್ತು. ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ತಿರುಕರ ಗೀತನಾಟಕದಲ್ಲಿ ಒಬ್ಬ ಹಳೆಯ ಸೈನಿಕನ ಹಾಡಿಗೆ ಇದೇ ಮಟ್ಟನ್ನು ಸೂಚಿಸಿದ್ದಾನೆ. ಥಾಮಸ್ ಹಾರ್ಡಿ 1874ರ ಕಾದಂಬರಿ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್'ನಲ್ಲಿ ಕಣಜದ ಕುಣಿತಕ್ಕೆ ಇದನ್ನೇ ನುಡಿಸುವಂತೆ ಬರೆದ. ಸ್ಕ್ಯಾಂಡಿನೇವಿಯದಲ್ಲೂ ಇದರ ರೂಪಗಳಿವೆ. ವಲಸಿಗರ ಜೊತೆ ಅಟ್ಲಾಂಟಿಕ್ ದಾಟಿ ಅಮೆರಿಕದ ದಕ್ಷಿಣದಲ್ಲಿ ನೆಲೆನಿಂತಿತು. ಡಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಮೊದಲ ಭಾಗ ಸ-ಗ-ಪ ಸ್ವರಗಳ ಮೇಲೆ ಹತ್ತಿ ಇಳಿದು ಗಿರಕಿ ಹೊಡೆಯುತ್ತದೆ. ಮ್ಯಾಂಡೊಲಿನ್‌ನಲ್ಲಿ ಡಿ ಮತ್ತು ಎ ತೆರೆದ ತಂತಿಗಳೇ ಆದ್ದರಿಂದ ಬೆರಳಿಗೆ ಸುಖ. ಸ್ಕಾಟ್ಲೆಂಡಿನ ಹವ್ಯಾಸಿ ನುಡಿಸಿದರೆ ಸ್ವರಗಳು ಚೂಪಾಗಿ, ಬಿಡಿಬಿಡಿಯಾಗಿ ಕೇಳುತ್ತವೆ. ಟೆನೆಸಿ ಕಡೆಯವನು ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಗುಂಯ್ಯೆನ್ನಿಸುತ್ತಾನೆ. ಬ್ಲೂಗ್ರಾಸ್ ಹುಚ್ಚಿನವನು ವೇಗವನ್ನು ಒಂದೂವರೆ ಪಟ್ಟು ಏರಿಸಿ, ಮೂರನೆಯ ಸುತ್ತಿಗೆ ಧಾಟಿಯನ್ನೇ ಬಿಟ್ಟು ಮನೋಧರ್ಮಕ್ಕೆ ಹೊರಡುತ್ತಾನೆ. ಮೂವರೂ ನುಡಿಸಿದ್ದು 'ಸೋಲ್ಜರ್ಸ್ ಜಾಯ್' ಹೌದು.

ಎಲ್ಲವೂ ಸೊಗಸಾಗಿರುತ್ತದೆ ಎಂದೇನೂ ಅಲ್ಲ. ಬಹಳಷ್ಟು ಮುದ್ರಣಗಳು ಕಾಗದ ನೋಡಿ ಕಲಿತವರವು, ಮೆಟ್ರೊನೋಮಿನ ಟಿಕ್ ಟಿಕ್‌ಗೆ ಕಟ್ಟಿಹಾಕಿದವು. ಸ್ವರ ಸರಿ, ಲಯ ಸರಿ, ಕುಣಿತವೇ ಇಲ್ಲ. ಕೂಟದಲ್ಲಿ ಎದುರು ಕೂತ ಹಳಬರಿಂದ ಬೈಗುಳ ತಿಂದು ಕಲಿಯುವ ಸೂಕ್ಷ್ಮಗಳು ಒಬ್ಬಂಟಿ ಕೋಣೆಯಲ್ಲಿ ಬರುವುದಿಲ್ಲ. ಜೊತೆಗೆ ಈ ಬಳಗಗಳ ಶಿಷ್ಟಾಚಾರವೂ ಅಡ್ಡಬರುತ್ತದೆ. ಕೇಳಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ಜಿಗ್‌ಗೆ ಮೂರರ ತೂಕ ಬಿದ್ದಿಲ್ಲ ಎಂದು ಹೇಳುವವರು ಇಲ್ಲ. ಹೊಗಳಿಕೆಯಿಂದ ಧೈರ್ಯ ಬರುತ್ತದೆ, ಜಿಗ್ ಬರುವುದಿಲ್ಲ.

ಆದರೂ ಮುದ್ರಿಸುವ ಕ್ರಿಯೆಯೇ ಒಂದು ಗುರು. ಮನೆಯಲ್ಲಿ ಹತ್ತು ಸಲ ಸಲೀಸಾಗಿ ಬಂದ ಧಾಟಿ ಮುದ್ರಣದ ಗುಂಡಿ ಒತ್ತಿದೊಡನೆ ಕೈಕೊಡುತ್ತದೆ. ಸ್ಟುಡಿಯೊಗಳಲ್ಲಿ ಇದಕ್ಕೆ ಕೆಂಪು ದೀಪದ ಭಯ ಎನ್ನುತ್ತಾರೆ. ನುಡಿಸುವಾಗ ಕಿವಿಗೆ ಬೀಳದ ದೋಷಗಳು, ಎರಡನೆಯ ಭಾಗಕ್ಕೆ ಬಂದಾಗ ಓಡುವ ಲಯ, ಜೋಡಿ ತಂತಿಗಳಲ್ಲಿ ಒಂದು ತುಸು ಇಳಿದಿರುವುದು, ಕೇಳುವಾಗ ಮುಖಕ್ಕೆ ಹೊಡೆಯುತ್ತವೆ. ಸಲಕರಣೆ ದೊಡ್ಡದೇನೂ ಬೇಡ. 2000ದಲ್ಲಿ ಬಂದ ಅಡಾಸಿಟಿಯಂಥ ಉಚಿತ ತಂತ್ರಾಂಶವಿದ್ದರೆ ಮೊದಲು ಗಿಟಾರಿನ ಆಸರೆ, ಅದರ ಮೇಲೆ ಮ್ಯಾಂಡೊಲಿನ್, ಅದರ ಕೆಳಗೆ ಒಂದು ಸ್ಥಾಯಿ ಇಳಿದ ಆಕ್ಟೇವ್ ಮ್ಯಾಂಡೊಲಿನ್ ಎಂದು ಒಬ್ಬರೇ ತಂಡ ಕಟ್ಟಬಹುದು. ಫೋನಿನ ಮೈಕು ಮಾತಿಗಾಗಿ ಮಾಡಿದ್ದು. ಮೀಟಿದ ತಂತಿಯ ಮೊದಲ ಚೂಪಾದ ಪೆಟ್ಟಿಗೆ ಅದು ಬೆದರಿ ಶಬ್ದವನ್ನು ಹಿಂಡಿಬಿಡುತ್ತದೆ. ಎರಡು ಅಡಿ ದೂರ ಇಟ್ಟು, ಪಕ್ಕದಲ್ಲೊಂದು ಕಂಬಳಿ ತೂಗುಹಾಕಿದರೆ ಅರ್ಧ ಕೆಲಸವಾಯಿತು.

ಒಟ್ಟಿಗೆ ನೇರವಾಗಿ ನುಡಿಸಬಾರದೇಕೆ ಎಂಬ ಪ್ರಶ್ನೆ 2020ರಲ್ಲಿ ಎಲ್ಲರನ್ನೂ ಕಾಡಿತು. ಕೋವಿಡ್‌ನಿಂದ ಪಬ್ಬುಗಳು ಮುಚ್ಚಿ ಐರಿಷ್ ಕೂಟಗಳು ನಿಂತುಹೋಗಿದ್ದವು. ವಿಡಿಯೊ ಕರೆಯಲ್ಲಿ ಸೇರಿ ನುಡಿಸಲು ನೋಡಿದವರಿಗೆಲ್ಲ ಒಂದೇ ಪಾಡು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಹತ್ತು ಮೀಟರ್ ಆಚೆ ಕುಳಿತವರ ಜೊತೆ ನುಡಿಸುವಾಗಲೇ ಮೂವತ್ತು ಮಿಲಿಸೆಕೆಂಡ್ ಹಿಂದುಬೀಳುತ್ತದೆ, ವೇಗದ ರೀಲ್ ಅಲ್ಲಿಗೇ ತಡವರಿಸತೊಡಗುತ್ತದೆ. ವಿಡಿಯೊ ಕರೆಯ ವಿಳಂಬ ಸಾಮಾನ್ಯವಾಗಿ ಇದರ ಹಲವು ಪಟ್ಟು. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ, ಧಾಟಿ ನಿಧಾನವಾಗುತ್ತ ಆಗುತ್ತ ನಿಂತೇಹೋಗುತ್ತದೆ. ಉಳಿದ ದಾರಿ ಒಂದೇ: ಒಬ್ಬರು ಮುದ್ರಿಸಿ ಕಳಿಸುವುದು, ಇನ್ನೊಬ್ಬರು ಅದನ್ನು ಕೇಳುತ್ತ ತಮ್ಮದನ್ನು ಸೇರಿಸುವುದು.

ಹಂಚಿಕೆಯ ಹಾದಿಯಲ್ಲಿ ಹಕ್ಕಿನ ತೊಡಕೂ ಇದೆ. 'ಅಶೋಕನ್ ಫೇರ್‌ವೆಲ್' ಎಂಬ ನಿಧಾನದ ವಾಲ್ಟ್ಸ್ ಕೇಳಿದವರು ಅದನ್ನು ಅಮೆರಿಕದ ಅಂತರ್ಯುದ್ಧದ ಕಾಲದ ಧಾಟಿ ಎಂದೇ ತಿಳಿಯುತ್ತಾರೆ, ಏಕೆಂದರೆ 1990ರಲ್ಲಿ ಕೆನ್ ಬರ್ನ್ಸ್ ಮಾಡಿದ ಅಂತರ್ಯುದ್ಧದ ಸಾಕ್ಷ್ಯಚಿತ್ರ ಸರಣಿಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ನಿಜದಲ್ಲಿ ಅದನ್ನು ಜೇ ಉಂಗರ್ ಎಂಬ ಪಿಟೀಲುಗಾರ 1982ರಲ್ಲಿ, ನ್ಯೂಯಾರ್ಕ್ ರಾಜ್ಯದ ಅಶೋಕನ್ ಎಂಬಲ್ಲಿ ನಡೆದ ಸಂಗೀತ ಶಿಬಿರ ಮುಗಿದ ಬೇಸರದಲ್ಲಿ ರಚಿಸಿದ. ಅದಕ್ಕೆ ಹಕ್ಕುದಾರರಿದ್ದಾರೆ. 'ಅಶೋಕ'ನಿಗೂ ಅದಕ್ಕೂ ನಂಟಿಲ್ಲ ಎಂದು ಕನ್ನಡ ಓದುಗರಿಗೆ ಹೇಳಿಬಿಡುವುದು ಒಳ್ಳೆಯದು, ಅದು ಅಲ್ಲಿನ ಸ್ಥಳನಾಮ. ಇದರ ವಿರುದ್ಧ ದಿಕ್ಕಿನ ಫಜೀತಿಯೂ ಉಂಟು: ಯಾರ ಸೊತ್ತೂ ಅಲ್ಲದ ಇನ್ನೂರು ವರ್ಷದ ಧಾಟಿಯನ್ನು ನುಡಿಸಿದರೂ, ಯಾವುದೋ ಕಂಪನಿಯ ತಟ್ಟೆಗೆ ಹೋಲುತ್ತದೆಂದು ಯಂತ್ರವೊಂದು ಆಕ್ಷೇಪ ಎತ್ತಬಹುದು. ಧಾಟಿ ಬೇರೆ, ಅದರ ಒಂದು ಮುದ್ರಣ ಬೇರೆ ಎಂಬ ವಿವೇಕ ಕಾನೂನಿಗಿದೆ, ಯಂತ್ರಕ್ಕೆ ಕಡಿಮೆ. ಅಮೆರಿಕದಲ್ಲಿ 1923ಕ್ಕಿಂತ ಮುಂಚೆ ಪ್ರಕಟವಾದ ತಟ್ಟೆಗಳು 2022ರ ಜನವರಿ 1ರಂದು ಸಾರ್ವಜನಿಕ ಸೊತ್ತಾದವು. ಕೋಲ್ಮನ್‌ನ ಮೊದಲ ತಟ್ಟೆಗಳೂ ಟೂಹಿಯ ಕಾಲದ ತಟ್ಟೆಗಳೂ ಅದರಲ್ಲಿ ಸೇರಿವೆ.

ನಮ್ಮ ಕಡೆ ಮ್ಯಾಂಡೊಲಿನ್ ಎಂದರೆ ಯು. ಶ್ರೀನಿವಾಸ್. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿ, ಬಾಲಕನಾಗಿದ್ದಾಗಲೇ ಕಛೇರಿಗಳನ್ನು ಗೆದ್ದು, 2014ರಲ್ಲಿ ನಲವತ್ತೈದಕ್ಕೇ ತೀರಿಕೊಂಡ ಆ ಕಲಾವಿದ ಮಾಡಿದ ಮೊದಲ ಕೆಲಸ ಜೋಡಿ ತಂತಿಗಳನ್ನು ಕಿತ್ತುಹಾಕಿದ್ದು. ಬಿಗಿದ ಉಕ್ಕಿನ ಜೋಡಿ ತಂತಿಯನ್ನು ಗಮಕಕ್ಕೆ ಬೇಕಾದಷ್ಟು ಎಳೆಯಲು ಆಗದು, ಮೀಟಿದ ಸ್ವರ ಅಷ್ಟು ಹೊತ್ತು ಉಳಿಯುವುದೂ ಇಲ್ಲ. ಒಂಟಿ ತಂತಿಗಳು, ಮೇಲೆ ವಿದ್ಯುತ್ತಿನ ಬಲ, ಇವೆರಡು ಸೇರಿದಾಗಷ್ಟೇ ತೋಡಿಯ ಗಾಂಧಾರ ಅಲ್ಲಾಡಿತು. ಎಂಟು ತಂತಿಯ ಸಾದಾ ಮ್ಯಾಂಡೊಲಿನ್ ಕೊಂಡು ಕರ್ನಾಟಕ ಸಂಗೀತಕ್ಕೆ ಹೊರಟ ನಮ್ಮ ಹವ್ಯಾಸಿಗಳು ನಿರಾಶರಾಗುವುದು ಈ ಕಾರಣಕ್ಕೆ.

ಅವರಿಗೆ ಒಂದು ಅಡ್ಡದಾರಿ ಇದೆ, ಅದನ್ನು ತೋರಿಸಿದವರು ಮುತ್ತುಸ್ವಾಮಿ ದೀಕ್ಷಿತರು. ಮದರಾಸಿನ ಬಳಿ ಬ್ರಿಟಿಷರ ಬ್ಯಾಂಡ್ ಕೇಳಿದ್ದ ದೀಕ್ಷಿತರು ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ಕಟ್ಟಿದ ನೊಟ್ಟುಸ್ವರಗಳು ಮೂವತ್ತಕ್ಕೂ ಹೆಚ್ಚಿವೆ. ಶಂಕರಾಭರಣದ ಸ್ವರಗಳು, ಗಮಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟು ಅಲ್ಲಿ 'ಸಂತತಂ ಪಾಹಿಮಾಂ' ಆಗಿದೆ. ಬೆಂಗಳೂರು, ಮೈಸೂರುಗಳ ಸಂಗೀತ ತರಗತಿಗಳಲ್ಲೂ ಮಕ್ಕಳು ಕಲಿಯುವ 'ವಂದೇ ಮೀನಾಕ್ಷಿ ತ್ವಾಂ' ಮೂಲದಲ್ಲಿ 'ರೇಕ್ಸ್ ಆಫ್ ಮ್ಯಾಲೊ'. ಮ್ಯಾಲೊ ಎಂಬುದು ಕಾರ್ಕ್ ಕೌಂಟಿಯ ಒಂದು ಪಟ್ಟಣ. 18ನೆಯ ಶತಮಾನದಲ್ಲಿ ಅಲ್ಲಿನ ಬುಗ್ಗೆಯ ನೀರಿಗೆಂದು ಬಂದು ಕುಡಿದು ಗಲಾಟೆ ಮಾಡುತ್ತಿದ್ದ ಪುಂಡ ಶ್ರೀಮಂತ ಹುಡುಗರ ಮೇಲಿನ ಧಾಟಿ ಅದು. ಮದುರೆಯ ಮೀನಾಕ್ಷಿಗೆ ಅದು ಸಂದ ಬಗೆಗೆ ದೀಕ್ಷಿತರ ಭಕ್ತರೇ ನಗುವುದುಂಟು. ಮ್ಯಾಂಡೊಲಿನ್ ಹೊಸಬರಿಗೆ ಕೊಡುವ ಮೊದಲ ಧಾಟಿಗಳಲ್ಲಿ ಇದೂ ಒಂದು, ತೆರೆದ ತಂತಿಗಳೇ ಹೆಚ್ಚು, ಬೆರಳು ಮೊದಲ ಮೆಟ್ಟಿಲುಗಳನ್ನು ಬಿಟ್ಟು ಆಚೆ ಹೋಗಬೇಕಿಲ್ಲ. ಕಾರ್ಕ್‌ನಲ್ಲಿ ಯಾರೋ ಮುದ್ರಿಸಿದ್ದನ್ನು ಕೇಳಿ ಮೈಸೂರಿನ ಹುಡುಗಿಯೊಬ್ಬಳು ಅದರ ಮೇಲೆ ಸಂಸ್ಕೃತ ಸಾಲುಗಳನ್ನು ಹಾಡಿ ಸೇರಿಸಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಆತ ಕುಣಿತದ ವೇಗದಲ್ಲಿ ನುಡಿಸಿದ್ದರೆ ಮಾತ್ರ ಅವಳ ನಾಲಿಗೆ ಹೊರಳುವುದು ಕಷ್ಟ, ಅರ್ಧ ವೇಗದ ಇನ್ನೊಂದು ಮುದ್ರಣ ಕಳಿಸೆಂದು ಕೇಳಬೇಕಾದೀತು.